ಜಲವರ್ಣ ಭಾವಚಿತ್ರಕಲೆ, ಕರ್ನಾಟಕದಲ್ಲಿ

ನೀರಿನಲ್ಲಿ ಕದಡಿದ ಬಣ್ಣದಿಂದ ಕಾಗದದ ಮೇಲೆ ವ್ಯಕ್ತಿಯೊಬ್ಬರ ಹೋಲಿಕೆಯನ್ನೂ ಮನಸ್ಥಿತಿಯನ್ನೂ ಹಿಡಿಯುವ ಚಿತ್ರಪ್ರಕಾರವೇ ಜಲವರ್ಣ ಭಾವಚಿತ್ರ. ತೈಲವರ್ಣದಲ್ಲಿ ಕೆನ್ನೆಯ ಬಣ್ಣ ಕೆಟ್ಟರೆ ಒರೆಸಿ ಮತ್ತೆ ಬಳಿಯಬಹುದು. ಪಾರದರ್ಶಕ ಜಲವರ್ಣದಲ್ಲಿ ಆ ಅವಕಾಶ ತೀರ ಕಡಿಮೆ. ಬಿಳುಪು ಬೇಕಾದ ಕಡೆ ಕಾಗದವನ್ನು ಮುಟ್ಟದೆ ಬಿಡಬೇಕು. ಕಣ್ಣಿನ ಹೊಳಪು, ಮೂಗಿನ ತುದಿಯ ಬೆಳಕು ಎಲ್ಲಿರಬೇಕೆಂದು ಕುಂಚ ಒದ್ದೆಯಾಗುವ ಮೊದಲೇ ತೀರ್ಮಾನವಾಗಿರಬೇಕು. ಈ ಪ್ರಕಾರದ ಒಳ್ಳೆಯ ಚಿತ್ರಗಳಲ್ಲಿ ಭಾವದ ಆಳ ಬಹುಮಟ್ಟಿಗೆ ಹೀಗೆ ಬಿಟ್ಟ ಜಾಗಗಳಿಂದಲೇ ಬಂದಿದೆ.

ಕಾಗದದ ಮೇಲೆ ನೀರುಬಣ್ಣದಲ್ಲಿ ಮುಖ ಬರೆಯುವುದು ಭಾರತಕ್ಕೆ ಹೊಸದಲ್ಲ. ಮೊಗಲ್ ಮತ್ತು ದಖನಿ ಕಿರುಚಿತ್ರಗಳಲ್ಲಿ ಅದು ಪಳಗಿದ ವಿದ್ಯೆ. ಆದರೆ ಅಲ್ಲಿನ ಬಣ್ಣ ದಟ್ಟವಾದದ್ದು, ಅಪಾರದರ್ಶಕ. ತೆಳುಪದರಗಳ ಪಾರದರ್ಶಕ ಪದ್ಧತಿ ಬಂದದ್ದು ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ, ಇಂಗ್ಲಿಷ್ ಕಲಾವಿದರ ಜೊತೆ. ಕಂಪನಿ ಶೈಲಿ ಎನಿಸಿಕೊಂಡ ಚಿತ್ರಗಳಲ್ಲಿ ಕುಂಬಾರ, ಸಿಪಾಯಿ, ಹಾಲು ಮಾರುವವಳು ಎಲ್ಲರೂ ಇದ್ದಾರೆ. ಆದರೆ ಅವರು ಜಾತಿ, ಕಸುಬುಗಳ ಮಾದರಿಗಳಾಗಿ ನಿಂತಿದ್ದಾರೆಯೇ ಹೊರತು ಇಂಥ ಮನುಷ್ಯನೆಂದು ಗುರುತಿಸುವಂತೆ ಅಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎರಡು ದಾರಿಗಳು ತೆರೆದುಕೊಂಡವು. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರು (1871–1951) ಜಪಾನಿನಿಂದ ಬಂದ ಕಲಾವಿದರ ಒಡನಾಟದಲ್ಲಿ ‘ವಾಶ್’ ಪದ್ಧತಿಯನ್ನು ರೂಢಿಸಿದರು. ಬಣ್ಣ ಹಚ್ಚಿದ ಕಾಗದವನ್ನು ನೀರಿನಲ್ಲಿ ನೆನೆಸಿ, ಒಣಗಿಸಿ, ಮತ್ತೆ ಬಣ್ಣ ಹಚ್ಚುವ ಈ ಕ್ರಮದಲ್ಲಿ ಗೆರೆಗಳು ಮೃದುವಾಗಿ ಇಡೀ ಚಿತ್ರಕ್ಕೆ ಮಂಜಿನ ಮುಸುಕು ಬರುತ್ತದೆ. 1905ರ ‘ಭಾರತಮಾತಾ’ ಇದರ ಹೆಸರಾಂತ ಉದಾಹರಣೆ. ಮುಂಬೈಯ ಜೆ.ಜೆ. ಕಲಾಶಾಲೆಯ ದಾರಿ ಬೇರೆ. ಅಲ್ಲಿ ಎದುರಿಗೆ ಕುಳಿತ ವ್ಯಕ್ತಿ, ಮುಖದ ಮೇಲೆ ಬಿದ್ದ ಬೆಳಕು, ಮೂಳೆಯ ಕಟ್ಟು, ಇವುಗಳ ನಿಷ್ಠುರ ಅಭ್ಯಾಸವೇ ಮುಖ್ಯ.

ಮೈಸೂರು ಸೀಮೆಯ ನಂಟು ಮೊದಲನೆಯದರೊಂದಿಗೆ. ಕೆ. ವೆಂಕಟಪ್ಪನವರು (1886–1965) ಅರಮನೆಯ ನೆರವಿನಿಂದ 1909ರಲ್ಲಿ ಕಲ್ಕತ್ತೆಗೆ ಹೋಗಿ ಅವನೀಂದ್ರರ ಶಿಷ್ಯರಾದರು. ಜನರಿಗೆ ಹೆಚ್ಚು ಪರಿಚಯ ಇರುವುದು ಅವರ ಊಟಿಯ ನಿಸರ್ಗಚಿತ್ರಗಳು. ಆದರೆ ದಂತದ ತೆಳುಹಾಳೆಯ ಮೇಲೆ ಅವರು ಬರೆದ ಪುಟ್ಟ ಭಾವಚಿತ್ರಗಳು ಇನ್ನೂ ಕಠಿಣ ಸಾಧನೆ. ದಂತ ನೀರು ಹೀರುವುದಿಲ್ಲ. ಕುಂಚ ಒಂದಿಷ್ಟು ಹೆಚ್ಚು ಒದ್ದೆಯಾದರೂ ಕೆಳಗಿನ ಬಣ್ಣ ಎದ್ದು ಬರುತ್ತದೆ. ಹಾಗಾಗಿ ಚುಕ್ಕೆ ಚುಕ್ಕೆಯಾಗಿ ಮುಖವನ್ನು ಕಟ್ಟಬೇಕು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತ, ಮದುವೆಯಾಗದೆ ಕಲೆಗೇ ಬದುಕನ್ನು ಒಪ್ಪಿಸಿದ ಈ ಕಲಾವಿದರ ಮುಖಚಿತ್ರಗಳಲ್ಲಿ ಭಾವಾವೇಶಕ್ಕೆ ಜಾಗವಿಲ್ಲ. ಆ ಸಂಯಮವನ್ನು ಒಣತನವೆಂದು ತಿಳಿದವರಿದ್ದಾರೆ. ಅದು ಸರಿಯಾದ ತೀರ್ಪಲ್ಲ. ಅವರ ಕೃತಿಗಳು ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಅವರದೇ ಹೆಸರಿನ ಕಲಾ ಗ್ಯಾಲರಿಯಲ್ಲಿವೆ.

ಎರಡನೆಯ ದಾರಿಯ ಅತ್ಯುತ್ತಮ ಫಲವೂ ಕರ್ನಾಟಕದಲ್ಲೇ ಉಳಿದಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿರುವ, ದೀಪ ಹಿಡಿದ ಹೆಂಗಸಿನ ಚಿತ್ರ ‘ಗ್ಲೋ ಆಫ್ ಹೋಪ್’ ಯಾರಿಗೆ ಗೊತ್ತಿಲ್ಲ? ಅದನ್ನು ರಾಜಾ ರವಿವರ್ಮನದೆಂದು ಹೇಳುವುದು ಇಂದಿಗೂ ನಿಂತಿಲ್ಲ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರ 1940ರ ದಶಕದ್ದು. ಬರೆದವರು ಸಾವಂತವಾಡಿಯಲ್ಲಿ ಹುಟ್ಟಿ ಜೆ.ಜೆ. ಶಾಲೆಯಲ್ಲಿ ಕಲಿತ ಸಾವಳಾರಾಮ ಲಕ್ಷ್ಮಣ ಹಳದಣಕರ್ (1882–1968). ರೂಪದರ್ಶಿಯಾಗಿ ನಿಂತವರು ಅವರ ಮಗಳು ಗೀತಾ. ಗೀತಾ 2018ರಲ್ಲಿ ಕೊಲ್ಹಾಪುರದಲ್ಲಿ 102ನೆಯ ವಯಸ್ಸಿನಲ್ಲಿ ನಿಧನರಾದರು.

ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಗಾಳಿಗೆ ಅಡ್ಡ. ಬೆರಳ ಸಂದುಗಳಲ್ಲಿ ಬೆಳಕು ತೂರಿ ಚರ್ಮದ ಅಂಚು ಕೆಂಪಾಗಿದೆ. ಅದೇ ಬೆಳಕು ಸೀರೆಯನ್ನು ದಾಟಿ ಮುಖಕ್ಕೆ ಬರುವಷ್ಟರಲ್ಲಿ ಬಣ್ಣ ಬದಲಿಸಿಕೊಂಡಿದೆ. ಮುಖದಲ್ಲಿ ನಗುವಿಲ್ಲ, ದುಃಖವನ್ನೂ ತೋರಿಸಿಲ್ಲ. ಯಾವುದೋ ಯೋಚನೆಯ ನಡುವೆ ಇದ್ದಾಳೆ. ನೋಡುವವರು ತಮ್ಮ ಮನೆಯ ತಾಯಿಯನ್ನೋ ಅಕ್ಕನನ್ನೋ ಅಲ್ಲಿ ಕಾಣುವುದು ಇದರಿಂದಲೇ. ತೈಲವರ್ಣದವನು ಕಪ್ಪಿನ ಮೇಲೆ ಹಳದಿ ಇಟ್ಟು ಜ್ವಾಲೆ ಮಾಡಬಹುದಿತ್ತು. ಹಳದಣಕರ್ ಸುತ್ತಲ ಕತ್ತಲನ್ನೆಲ್ಲ ಹಚ್ಚುತ್ತ ಬಂದು ಆ ಬೆಳಕನ್ನು ಕಾಗದದಲ್ಲೇ ಕಾಪಾಡಿಕೊಂಡಿದ್ದಾರೆ. ಭಾರತೀಯ ಜಲವರ್ಣದಲ್ಲಿ ಇದಕ್ಕೆ ಸಮನಾದ ಮುಖ ಇನ್ನೊಂದಿಲ್ಲ ಎಂದರೆ ಹೆಚ್ಚಾಗದು.

ಕರಾವಳಿಯ ಮುಖವೂ ಮುಂಬೈಯ ಕಡೆಗೇ ಇತ್ತು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು (1911–1996) ಜೆ.ಜೆ. ಶಾಲೆಯಲ್ಲಿ ಕಲಿತು ಅಲ್ಲೇ ಪಾಠ ಹೇಳಿದರು. ಕಾರ್ಕಳದಲ್ಲಿ 1956ರಲ್ಲಿ ಹುಟ್ಟಿದ ವಾಸುದೇವ ಕಾಮತರೂ ಅದೇ ಶಾಲೆಯವರು. 2006ರಲ್ಲಿ ಪತ್ನಿಯ ಭಾವಚಿತ್ರಕ್ಕೆ ಅಮೆರಿಕದ ಪೋರ್ಟ್ರೇಟ್ ಸೊಸೈಟಿಯ ಡ್ರೇಪರ್ ಪ್ರಶಸ್ತಿ ಪಡೆದರು. ಮಂಗಳೂರಿನಲ್ಲೇ ಉಳಿದವರಿಗೆ ಬಿ.ಜಿ. ಮೊಹಮ್ಮದರ ಚಿತ್ರಶಾಲೆ, ಆಮೇಲೆ ಮಹಾಲಸಾ ಕಾಲೇಜು ಆಸರೆಯಾದವು. ಮಂಗಳೂರಿನ ಲೈಟ್‌ಹೌಸ್ ಹಿಲ್‌ನ ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಬರೆದ ಭಿತ್ತಿಚಿತ್ರಗಳೂ ಇಲ್ಲಿ ಪ್ರಸ್ತುತ. ಹಸಿ ಗಾರೆಯ ಮೇಲೆ ನೀರಲ್ಲಿ ಕಲಸಿದ ಬಣ್ಣ ಹಚ್ಚುವ ಫ್ರೆಸ್ಕೊದಲ್ಲೂ ಗಾರೆ ಒಣಗುವ ಮೊದಲು ಮುಖ ಮುಗಿಯಬೇಕು. ಇಷ್ಟಿದ್ದೂ ಕರಾವಳಿಯ ಜಲವರ್ಣ ಹೆಂಚಿನ ಮನೆ, ಬಂದರು, ತೆಂಗಿನ ತೋಟಗಳಿಗೆ ಒಲಿದಷ್ಟು ಮುಖಕ್ಕೆ ಒಲಿಯಲಿಲ್ಲ. ಮಂಗಳೂರಿನ ಕಂಕನಾಡಿ ಮಾರುಕಟ್ಟೆಯಲ್ಲಿ ಒಂದು ಬೆಳಿಗ್ಗೆ ನಿಂತರೆ ಸಿಗುವ ಮುಖಗಳನ್ನು ನೆನೆದರೆ ಇದು ದೊಡ್ಡ ಕೊರತೆ.

ಇತ್ತೀಚಿನ ದಶಕಗಳಲ್ಲಿ ಈ ಪ್ರಕಾರ ಹೋಲಿಕೆಯ ಹಟವನ್ನು ಸಡಿಲಿಸಿದೆ. ಮುಂಬೈಯ ಅಂಜು ದೋಡಿಯಾ (ಜನನ 1964) ಜಲವರ್ಣದಲ್ಲಿ ತಮ್ಮನ್ನೇ ಬೇರೆ ಬೇರೆ ಪಾತ್ರಗಳಾಗಿ ಬರೆದುಕೊಂಡು ಕಲಾವಿದೆಯ ಆತಂಕ, ಒಂಟಿತನಗಳನ್ನು ನೇರವಾಗಿ ಮುಂದಿಟ್ಟರು. ಇನ್ನೊಂದೆಡೆ ಛಾಯಾಚಿತ್ರ ನೋಡಿ ಸುಕ್ಕು ಸುಕ್ಕನ್ನೂ ನಕಲು ಮಾಡುವ ಮುದುಕರ ಮುಖಗಳು ಹೇರಳವಾಗಿವೆ. ಕೈಚಳಕ ಮೆಚ್ಚುವಂಥದ್ದೇ, ಆದರೆ ಸುಕ್ಕಿನ ಲೆಕ್ಕ ಭಾವದ ಆಳವಾಗುವುದಿಲ್ಲ.

ಜಲವರ್ಣಕ್ಕೆ ಬಿಸಿಲೂ ತೇವವೂ ಶತ್ರು. ಬಿಸಿಲಿಗೆ ಬಣ್ಣ ಮಾಸುತ್ತದೆ. ಕರಾವಳಿಯ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿದು ಕಂದು ಚುಕ್ಕೆ ಬೀಳುತ್ತದೆ. ಮನೆಯಲ್ಲಿ ಅಜ್ಜ-ಅಜ್ಜಿಯರ ಇಂಥ ಚಿತ್ರವಿದ್ದವರು ಅದನ್ನು ಹೊರಗೋಡೆಯಿಂದ ತೆಗೆದು ಒಳಗೋಡೆಗೆ ಹಾಕಲಿ, ಗಾಜು ಕಾಗದಕ್ಕೆ ತಾಗದಂತೆ ಚೌಕಟ್ಟು ಕಟ್ಟಿಸಲಿ. ಚಿತ್ರವನ್ನು ಒದ್ದೆ ಬಟ್ಟೆಯಿಂದ ಮಾತ್ರ ಎಂದೂ ಒರೆಸಬಾರದು.