ನ್ಯಾಟ್ ವಿಮಾನದ ಪಾಠಶೋಧನೆ

ಓಲೆಗರಿಯ ಪ್ರತಿಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಲಿಪಿಕಾರನೊಬ್ಬನ ತಪ್ಪು ಅವನೊಡನೆ ಸಾಯುವುದಿಲ್ಲ. ಅವನ ಪ್ರತಿಯನ್ನು ನೋಡಿ ಬರೆದವರೆಲ್ಲರ ಕೈಗೂ ಅದು ಹತ್ತುತ್ತದೆ. ಪ್ಲಾಸ್ಟಿಕ್ಕಿನ ಬಿಡಿಭಾಗಗಳನ್ನು ಅಂಟಿಸಿ ಕಟ್ಟುವ ಮಾದರಿ ವಿಮಾನಗಳ ಕಥೆಯೂ ಇದೇ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪೆನಿ 1950ರ ದಶಕದಲ್ಲಿ ಹೊರತಂದ ಮೊದಲ ವಿಮಾನ ಸ್ಪಿಟ್‌ಫೈರ್. ಅದು ನಿಜವಾದ ಸ್ಪಿಟ್‌ಫೈರನ್ನು ಅಳೆದು ಮಾಡಿದ್ದಲ್ಲ, ಅಮೆರಿಕದ ಅರೋರಾ ಕಂಪೆನಿಯ ಮಾದರಿಯನ್ನು ಕುಗ್ಗಿಸಿ ಮಾಡಿದ್ದು. ಮಾತೃಕೆಯ ವಕ್ರತೆ ಮರಿಗೂ ಬಂತು. ಅಂದಿನಿಂದಲೇ ಕೆಲವು ಹವ್ಯಾಸಿಗಳು ಅರ, ಗರಗಸ, ಉಪ್ಪುಕಾಗದಗಳನ್ನು ಹಿಡಿದು ಕುಳಿತರು.

ನಮ್ಮ ದೇಶದ ಹವ್ಯಾಸಿಗೆ ಈ ಕಷ್ಟ ಬೇರೊಂದು ರೂಪದಲ್ಲಿ ಒದಗಿತು. ಇಂಗ್ಲೆಂಡಿನ ಫೋಲಂಡ್ ಕಂಪೆನಿಗಾಗಿ ಪೆಟರ್ ಎಂಬ ಶಿಲ್ಪಿ ರೂಪಿಸಿದ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನ 1955ರಲ್ಲಿ ಮೊದಲ ಬಾರಿ ಹಾರಿತು. ಬ್ರಿಟಿಷ್ ವಾಯುಪಡೆ ಈ ಒಂಟಿ ಆಸನದ ಯುದ್ಧವಿಮಾನವನ್ನು ತನ್ನ ದಳಗಳಿಗೆ ಸೇರಿಸಿಕೊಳ್ಳಲಿಲ್ಲ. ಎರಡು ಆಸನದ ತರಬೇತಿ ವಿಮಾನವನ್ನು ಮಾತ್ರ ಕೊಂಡಿತು. ಒಂಟಿ ಆಸನದ್ದನ್ನು ಮನಸಾರೆ ಒಪ್ಪಿಕೊಂಡದ್ದು ಭಾರತ. 1956ರಲ್ಲಿ ಒಪ್ಪಂದವಾಗಿ ಬೆಂಗಳೂರಿನ ಹಿಂದುಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಡೆಯಿತು. ಏರ್‌ಫಿಕ್ಸಿನವರಾದರೋ 1960ರ ದಶಕದಲ್ಲಿ ತಮ್ಮ ದೇಶದ ಜನ ಕಂಡಿದ್ದ ತರಬೇತಿ ವಿಮಾನವನ್ನೇ ಅಚ್ಚು ಹಾಕಿದರು. ರೆಡ್ ಆರೋಸ್ ತಂಡದ ಕೆಂಪು ಬಣ್ಣದಲ್ಲಿ ಅದು ಅಂಗಡಿಗಳನ್ನು ತುಂಬಿತು. ಅವರನ್ನು ತಪ್ಪೆನ್ನುವಂತಿಲ್ಲ. ಆದರೆ ಪೆಟ್ಟಿಗೆಯ ಮೇಲೆ ನ್ಯಾಟ್ ಎಂದಿದ್ದರೂ ಒಳಗಿದ್ದದ್ದು ನಮ್ಮ ನ್ಯಾಟ್ ಅಲ್ಲ.

ತಿದ್ದುವುದು ಹೇಗೆ? ಹಿಂದಿನ ಆಸನವನ್ನು ಮುಚ್ಚಿಬಿಟ್ಟರಾಯಿತು ಎಂದುಕೊಂಡವರು ಕೆಟ್ಟರು. ಇಲ್ಲಿನ ಅಳತೆ ಆರಡಿಗೆ ಒಂದು ಅಂಗುಲ, ಎಂದರೆ 72ರಲ್ಲಿ ಒಂದು ಪಾಲು. ಮೊದಲು ಒಡಲನ್ನು ಅಡ್ಡಲಾಗಿ ಗರಗಸದಿಂದ ಕೊಯ್ದು, 10 ಮಿಲಿಮೀಟರಿನ ಆಸುಪಾಸಿನ ತುಂಡನ್ನು ತೆಗೆದು, ಉಳಿದ ಎರಡನ್ನೂ ಕೂಡಿಸಬೇಕು. ಕೊಯ್ದ ಬಾಯಿಗಳು ಸರಿಹೊಂದುವುದಿಲ್ಲ. ಸಂದಿಗೆ ಪುಟ್ಟಿ ಮೆತ್ತಿ, ಒಣಗಿಸಿ, ಉಜ್ಜಿ, ಮತ್ತೆ ಮೆತ್ತಬೇಕು. ರೆಕ್ಕೆಯ ತುದಿಗಳಲ್ಲಿ ತಲಾ 4 ಮಿಲಿಮೀಟರು ಕತ್ತರಿಸಿದರೂ ಸಾಲದು. ತರಬೇತಿ ವಿಮಾನದ ರೆಕ್ಕೆಯ ವಿಸ್ತೀರ್ಣ 175 ಚದರಡಿ, ಯುದ್ಧವಿಮಾನದ್ದು ಸುಮಾರು 137. ಆದ್ದರಿಂದ ಅಗಲವನ್ನೂ ಅರದಿಂದ ತೇಯಬೇಕು. ಮೇಲಿನ ಚಲಿಸುವ ಫಲಕಗಳ ಗೆರೆಗಳೂ ಬೇರೆ. ಹಳೆಯವನ್ನು ತುಂಬಿ ಹೊಸದಾಗಿ ಕೊರೆಯಬೇಕು. ಗಾಜಿನ ಮುಚ್ಚಳಕ್ಕೆ ಮರದ ಪಡಿಯಚ್ಚನ್ನು ಕೆತ್ತಿ, ಪಾರದರ್ಶಕ ಹಾಳೆಯನ್ನು ಕಾಯಿಸಿ ಅದರ ಮೇಲೆ ಎಳೆಯಬೇಕು. ಎರಡು ಮೂರು ಹಾಳೆ ಹಾಳಾಗದೆ ಒಂದು ಮುಚ್ಚಳ ಸಿದ್ಧವಾಗುವುದಿಲ್ಲ.

ಇಷ್ಟಾದ ಮೇಲೆ ಒಂದು ಸಣ್ಣ ಕೆಲಸ ಉಳಿಯುತ್ತದೆ. ಎಂಜಿನಿಗೆ ಗಾಳಿ ಒಯ್ಯುವ ಎರಡು ಬಾಯಿಗಳ ಹೊರ ಅಂಚಿನಲ್ಲಿ 30 ಮಿಲಿಮೀಟರಿನ ಏಡೆನ್ ಫಿರಂಗಿಗಳಿಗಾಗಿ ಒಂದೊಂದು ರಂಧ್ರ ಕೊರೆಯಬೇಕು. ತರಬೇತಿ ವಿಮಾನಕ್ಕೆ ಫಿರಂಗಿಯಿರಲಿಲ್ಲ. ಅಚ್ಚಿನಲ್ಲಿ ರಂಧ್ರವೂ ಇಲ್ಲ. ಸೂಜಿಯ ಮೊನೆಯಿಂದ ಆಗುವ ಕೆಲಸವಿದು. ಆದರೂ ನನಗೆ ಇಡೀ ಪರಿಷ್ಕರಣದಲ್ಲಿ ಮುಖ್ಯವಾಗಿ ಕಾಣುವುದು ಇದೇ. ಎಳೆದು ನೋಡಿದರೆ ಕೂದಲೆಳೆಯಷ್ಟು ವ್ಯತ್ಯಾಸಕ್ಕಾಗಿ ಜಗಳವಾಡುವ ಹವ್ಯಾಸಿಗಳಿದ್ದಾರೆ. ಅವರ ಸಂಗಡ ನಾನಿಲ್ಲ. ರಂಧ್ರದ ಮಾತು ಬೇರೆ.

1965ರ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಎದುರಿಸಿದ್ದು ಈ ನ್ಯಾಟ್. ಆ ತಿಂಗಳ 3ರಂದು ಪಸರೂರಿನಲ್ಲಿ ಇಳಿದು ಸೆರೆಸಿಕ್ಕ ನಮ್ಮದೊಂದು ನ್ಯಾಟನ್ನು ಕರಾಚಿಯ ವಾಯುಪಡೆ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಯಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಸೇಬರ್‌ಗಳು ಎರಗಿದಾಗ, ಬಾಂಬು ಬೀಳುತ್ತಿದ್ದ ಓಡುದಾರಿಯಿಂದಲೇ ಮೇಲೇರಿದ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಹಾರಿಸಿದ್ದೂ ನ್ಯಾಟನ್ನೇ. ಆ ಹೋರಾಟದಲ್ಲಿ ಅವರು ಮಡಿದರು. ಮರಣೋತ್ತರವಾಗಿ ಅವರಿಗೆ ಪರಮವೀರಚಕ್ರ ಸಂದಿತು. ವಾಯುಪಡೆಯಲ್ಲಿ ಆ ಪದಕ ಪಡೆದವರು ಅವರೊಬ್ಬರೇ. ಆ ವಿಮಾನದ ಮಾದರಿಯೆಂದು ಕಪಾಟಿನಲ್ಲಿ ಇಡುವುದಾದರೆ, ಅದರ ಹಿಂದೆ ಎರಡನೆಯ ಆಸನವಿರಬಾರದು. ಎರಡು ಅಂಚಿನಲ್ಲಿ ಎರಡು ರಂಧ್ರಗಳಿರಬೇಕು.