ಏಳು ಮನೆಯ ಅನ್ನ

ಸೋಮವಾರ ಶಾನುಭೋಗರ ಮನೆ, ಮಂಗಳವಾರ ವಕೀಲರ ಮನೆ, ಬುಧವಾರ ದೇವಸ್ಥಾನದ ಅರ್ಚಕರ ಮನೆ. ಹೀಗೆ ವಾರದ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತು ಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು ಓದು ಸಾಗಿಸುವುದಕ್ಕೆ ವಾರಾನ್ನ ಎಂದು ಹೆಸರು. ಇಂದಿನ ಹೈಸ್ಕೂಲು ಹುಡುಗರಿಗೆ ಈ ಪದದ ಅರ್ಥವನ್ನು ಬಿಡಿಸಿ ಹೇಳಬೇಕಾದೀತು. ಆದರೆ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ನಡುಭಾಗದವರೆಗೆ ಕನ್ನಡ ನಾಡಿನ ಹಳ್ಳಿಗಳಿಂದ ಪಟ್ಟಣಕ್ಕೆ ಬಂದು ಓದಿದ ಅನೇಕ ಬಡ ಹುಡುಗರ ಪಾಲಿಗೆ ಪಠ್ಯಪುಸ್ತಕಕ್ಕಿಂತ ಮುಖ್ಯವಾಗಿದ್ದುದು ಈ ಏಳು ಮನೆಗಳ ಪಟ್ಟಿ.

ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಆಗ ಹೈಸ್ಕೂಲುಗಳಿದ್ದುದು ಜಿಲ್ಲಾ ಕೇಂದ್ರಗಳಲ್ಲಿ ಮತ್ತು ಕೆಲವೇ ದೊಡ್ಡ ಊರುಗಳಲ್ಲಿ. ಹಳ್ಳಿಯ ಶಾಲೆಯಲ್ಲಿ ಚೆನ್ನಾಗಿ ಓದಿದ ಹುಡುಗ ಹನ್ನೆರಡು ಹದಿಮೂರನೆಯ ವಯಸ್ಸಿಗೆ ಮನೆ ಬಿಡಲೇಬೇಕಿತ್ತು. ಶುಲ್ಕವನ್ನು ಮಾಫಿ ಮಾಡಿಸಿಕೊಳ್ಳಬಹುದಿತ್ತು, ಮೇಲಿನ ತರಗತಿಯವರಿಂದ ಹಳೆಯ ಪುಸ್ತಕ ಪಡೆಯಬಹುದಿತ್ತು, ಬೀದಿ ದೀಪದ ಕೆಳಗೆ ಕೂತು ಓದಬಹುದಿತ್ತು. ಮಲಗಲು ದೇವಸ್ಥಾನದ ಜಗಲಿಯೋ ಛತ್ರದ ಮೂಲೆಯೋ ಸಿಕ್ಕೀತು. ಹೊಟ್ಟೆಗೆ ಮಾತ್ರ ಮಾಫಿ ಇರಲಿಲ್ಲ. ಹದಿಹರೆಯದ ವಿದ್ಯಾರ್ಥಿಯ ಕಷ್ಟ ಎಂದರೆ ಇಂದು ಪರೀಕ್ಷೆಯ ಭಯ, ಸಹವಾಸ, ತಂದೆ ತಾಯಿಯರ ನಿರೀಕ್ಷೆ ಎಂದೆಲ್ಲ ಚರ್ಚೆ ನಡೆಯುತ್ತದೆ. ಅಂದಿನ ಮೊದಲ ಕಷ್ಟ ಎರಡು ಹೊತ್ತಿನ ಊಟದ್ದು.

ಮೇಷ್ಟ್ರ ಮಾತಿನ ಬಲ

ವಾರಾನ್ನ ತಾನಾಗಿ ಸಿಗುತ್ತಿರಲಿಲ್ಲ. ಊರಿಗೆ ಹೊಸದಾಗಿ ಬಂದ ಹುಡುಗನ ಪರವಾಗಿ ಯಾರಾದರೂ ನಾಲ್ಕು ಮಾತು ಹೇಳಬೇಕಿತ್ತು. ಬಹಳ ಸಲ ಹಾಗೆ ಹೇಳುತ್ತಿದ್ದವರು ಶಾಲೆಯ ಮೇಷ್ಟ್ರು. ಹುಡುಗ ಬುದ್ಧಿವಂತ, ನಡತೆ ಒಳ್ಳೆಯದು, ನಿಮ್ಮಲ್ಲಿ ಒಂದು ವಾರ ಕೊಡಿ ಎಂದು ಪರಿಚಯದ ಮನೆಗಳಲ್ಲಿ ಕೇಳುತ್ತಿದ್ದರು. ಒಂದು ವಾರ ಎಂದರೆ ವಾರಕ್ಕೊಂದು ದಿನ. ಸ್ವತಃ ಮೇಷ್ಟ್ರ ಮನೆಯೂ ಆ ಏಳರಲ್ಲಿ ಒಂದಾಗಿರುವುದು ಅಪರೂಪವಲ್ಲ. ಅವರ ಸಂಬಳವನ್ನು ನೆನೆದರೆ ಇದು ಸಣ್ಣ ಮಾತಲ್ಲ.

ಐದು ಮನೆ ಸಿಕ್ಕಿ ಎರಡು ದಿನ ಖಾಲಿ ಉಳಿದರೆ ಆ ಎರಡು ದಿನ ಅವಲಕ್ಕಿ, ಇಲ್ಲವೇ ದೇವಸ್ಥಾನದ ಪ್ರಸಾದ, ಇಲ್ಲವೇ ಬರಿಯ ನೀರು. ಮನೆಯವರು ಊರಿಗೆ ಹೋದರೆ, ಸೂತಕ ಬಂದರೆ, ಮನೆಯಾಕೆಗೆ ಮೈ ಸರಿಯಿಲ್ಲದಿದ್ದರೆ ಆ ದಿನದ ಊಟ ತಪ್ಪಿತು. ಮದುವೆ ಮುಂಜಿ ಇದ್ದರೆ ಹೋಳಿಗೆಯ ಊಟವೂ ಸಿಗುತ್ತಿತ್ತೆನ್ನಿ. ಉಂಡದ್ದಕ್ಕೆ ಪ್ರತಿಯಾಗಿ ನೀರು ಸೇದುವುದು, ಹೂ ಕಿತ್ತು ತರುವುದು, ಅಂಗಡಿಗೆ ಹೋಗಿ ಬರುವುದು, ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಇದ್ದೇ ಇತ್ತು. ಕೆಲವು ಮನೆಗಳಲ್ಲಿ ಸ್ವಂತ ಮಗನ ಪಕ್ಕದಲ್ಲಿ ಎಲೆ ಹಾಕುತ್ತಿದ್ದರು. ಕೆಲವು ಮನೆಗಳಲ್ಲಿ ಎಲ್ಲರದೂ ಆದ ಮೇಲೆ, ಮೂಲೆಯಲ್ಲಿ.

ವಾರಾನ್ನವನ್ನು ದೊಡ್ಡ ದಾನವೆಂದು ಹೊಗಳುವವರಿದ್ದಾರೆ, ದೊಡ್ಡ ಅವಮಾನವೆಂದು ಹಳಿಯುವವರೂ ಇದ್ದಾರೆ. ಉಂಡವರ ನೆನಪುಗಳಲ್ಲಿ ಎರಡೂ ಬೆರೆತೇ ಬರುತ್ತವೆ. ಐದು ವರ್ಷದ ಮಗು ಯಾರ ಮನೆಯಲ್ಲಾದರೂ ಸಂಕೋಚವಿಲ್ಲದೆ ಉಂಡೀತು. ಹದಿನಾಲ್ಕರ ಹುಡುಗ ಹಾಗಲ್ಲ. ಬಡಿಸುವ ಕೈ ಒಂದು ಕ್ಷಣ ತಡೆದರೂ ಅವನಿಗೆ ಅದು ಗೊತ್ತಾಗುತ್ತದೆ, ಇನ್ನೊಮ್ಮೆ ಬಡಿಸಿ ಎಂದು ಕೇಳಲು ನಾಲಿಗೆ ಏಳುವುದಿಲ್ಲ. ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡು ಕಡುಬಡತನದಲ್ಲಿ ಓದಿದ ದಿನಗಳನ್ನು ಎಸ್.ಎಲ್. ಭೈರಪ್ಪನವರು 1996ರಲ್ಲಿ ಪ್ರಕಟವಾದ ಆತ್ಮವೃತ್ತಾಂತ ‘ಭಿತ್ತಿ’ಯಲ್ಲಿ ವಿವರವಾಗಿ ಬರೆದಿದ್ದಾರೆ. ಹಸಿವಿಗಿಂತ ಅದರ ಜೊತೆಗೆ ಬರುವ ಮುಜುಗರ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ತಿಳಿಯಲು ಇಂಥ ಪುಸ್ತಕಗಳನ್ನೇ ನೋಡಬೇಕು.

ಮುಜುಗರವಿಲ್ಲದೆ ಸಹಾಯ ಮಾಡುವ ದಾರಿಯೂ ಕೆಲವರಿಗೆ ಗೊತ್ತಿತ್ತು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನಲ್ಲಿ ಸೋದರಮಾವನ ಆಸರೆ ಇತ್ತಾದರೂ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಅವರು ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚು ನೋಡಿಕೊಂಡರು. ಅಲ್ಲಿನ ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್ ಈ ವಿದ್ಯಾರ್ಥಿಯನ್ನು ಗುರುತಿಸಿ ಬೆಳೆಸಿದರು, ತಮ್ಮ ನಿಘಂಟನ್ನು ಅವರಿಗೆ ಕೊಟ್ಟರು ಎಂಬುದು ಪ್ರಸಿದ್ಧ ಸಂಗತಿ. ಕೆಲಸ ಮಾಡಿ ಉಣ್ಣುವುದಕ್ಕೂ ಕೈಯೊಡ್ಡಿ ಉಣ್ಣುವುದಕ್ಕೂ ಆ ವಯಸ್ಸಿನಲ್ಲಿ ಬಹಳ ಅಂತರವಿದೆ.

ಮೈಸೂರಿನಲ್ಲಿ ಒಬ್ಬ ಹೆಡ್ ಮಾಸ್ಟರು ಇದನ್ನು ಒಂದು ಮನೆಯ ದಯೆಯಿಂದ ಬಿಡಿಸಿ ಒಂದು ಸಂಸ್ಥೆಯ ಕೆಲಸವನ್ನಾಗಿ ಮಾಡಲು ಹೊರಟರು. ಮರಿಮಲ್ಲಪ್ಪ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ಎಂ. ವೆಂಕಟಕೃಷ್ಣಯ್ಯನವರನ್ನು (1844-1933) ಊರೆಲ್ಲ ‘ತಾತಯ್ಯ’ ಎಂದೇ ಕರೆಯುತ್ತಿತ್ತು. ಪತ್ರಿಕೋದ್ಯಮದಲ್ಲೂ ಅವರ ಹೆಸರು ದೊಡ್ಡದು. ದಿವಾನರನ್ನು ಟೀಕಿಸಲು ಹಿಂಜರಿಯದ ‘ಸಾಧ್ವಿ’ ಪತ್ರಿಕೆ ಅವರದು. ದಿಕ್ಕಿಲ್ಲದ ಹುಡುಗರಿಗಾಗಿ ಅವರು ಕಟ್ಟಿದ ಅನಾಥಾಲಯದಲ್ಲಿ ಊಟ, ವಸತಿ, ಓದು ಒಂದೇ ಸೂರಿನಡಿ ಸಿಕ್ಕಿತು. ಇಲ್ಲಿ ಸೋಮವಾರಕ್ಕೊಂದು ಮನೆ ಮಂಗಳವಾರಕ್ಕೊಂದು ಮನೆ ಎಂಬ ಅಲೆದಾಟವಿಲ್ಲ. ಪಂಕ್ತಿಯಲ್ಲಿ ಕೂತ ಹುಡುಗರೆಲ್ಲ ಒಂದೇ ಸ್ಥಿತಿಯವರಾದ್ದರಿಂದ ಯಾರೂ ಯಾರಿಗೂ ತಲೆ ತಗ್ಗಿಸಬೇಕಾಗಿರಲಿಲ್ಲ. ತಾತಯ್ಯನವರಿಗೆ ‘ದಯಾಸಾಗರ’ ಎಂಬ ಬಿರುದು ಅರಮನೆಯಿಂದ ಬಂದದ್ದು ಸುಮ್ಮನೆ ಅಲ್ಲ.

ಒಂದೂ ಮನೆ ಸಿಗದವರು

ವಾರಾನ್ನದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮರೆಯುವ ಸಂಗತಿಯೊಂದಿದೆ. ಅದು ಬಹುಮಟ್ಟಿಗೆ ಜಾತಿಯೊಳಗಿನ ಏರ್ಪಾಟು. ಬ್ರಾಹ್ಮಣ ವಟುವಿಗೆ ಬ್ರಾಹ್ಮಣರ ಮನೆಗಳು, ಲಿಂಗಾಯತ ಹುಡುಗನಿಗೆ ಮಠದ ಪ್ರಸಾದ ಅಥವಾ ಭಕ್ತರ ಮನೆಗಳು. ಶಾಲೆಯ ಜಗಲಿಯನ್ನೇ ಹತ್ತಲಾಗದಿದ್ದ ದಲಿತ ಹುಡುಗನಿಗೆ ಏಳಲ್ಲ, ಒಂದು ಮನೆಯೂ ಇರಲಿಲ್ಲ. ಅವನಿಗಾಗಿ ಮಾತಾಡುವ ಮೇಷ್ಟ್ರೂ ಅಪರೂಪ.

ಮಂಗಳೂರಿನ ವಕೀಲ ಕುದ್ಮುಲ್ ರಂಗರಾಯರು (1859-1928) ಕೈಹಾಕಿದ್ದು ಈ ಕೆಲಸಕ್ಕೆ. ಸಾರಸ್ವತ ಬ್ರಾಹ್ಮಣರಾಗಿದ್ದ ಅವರು ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಸ್ವಜಾತಿಯವರೇ ಬಹಿಷ್ಕಾರ ಹಾಕಿದರು. ಪಾಠ ಹೇಳಲು ಉಪಾಧ್ಯಾಯರು ಸಿಗುವುದೇ ಕಷ್ಟವಾಯಿತು. ರಾಯರು ಜಗ್ಗಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಶಾಲೆಯೊಂದನ್ನೇ ತೆರೆದರೆ ಸಾಲದು ಎಂಬುದು ಅವರಿಗೆ ಬೇಗ ಹೊಳೆದಿತ್ತು. ಆದ್ದರಿಂದ ವಿದ್ಯಾರ್ಥಿ ನಿಲಯ ಬಂತು, ಕೈಕಸುಬು ಕಲಿಸುವ ಏರ್ಪಾಟು ಬಂತು, ಕುಟುಂಬಗಳಿಗೆ ಮನೆ ಕಟ್ಟಿಕೊಳ್ಳಲು ಜಾಗ ಕೊಡಿಸುವ ಕೆಲಸವೂ ನಡೆಯಿತು. ಮಗನನ್ನು ಶಾಲೆಗೆ ಕಳುಹಿಸಿದರೆ ಮನೆಗೆ ಒಂದು ಕೂಲಿ ಕಡಿಮೆಯಾಗುತ್ತದೆ ಎಂಬ ಲೆಕ್ಕವನ್ನು ಅರಿಯದೆ ಬಡವರ ಮಕ್ಕಳ ಶಿಕ್ಷಣಕ್ಕೆ ಕೈಹಾಕಿದ ಎಷ್ಟೋ ಯೋಜನೆಗಳು ಆಮೇಲೂ ಸೋತಿವೆ. ರಂಗರಾಯರು ಆ ತಪ್ಪು ಮಾಡಲಿಲ್ಲ.

ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1928ರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಅವರು ಡಿಪ್ರೆಸ್ಡ್ ಕ್ಲಾಸಸ್ ಎಜುಕೇಷನ್ ಸೊಸೈಟಿಯನ್ನು ಕಟ್ಟಿದ ಮೇಲೆ ಪ್ರಾಂತ್ಯದ ಕೆಲವು ಊರುಗಳಲ್ಲಿ ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ ನಿಲಯಗಳು ಆರಂಭವಾದವು. 1929ರಲ್ಲಿ ಧಾರವಾಡಕ್ಕೂ ಒಂದು ಬಂತು. ಪ್ರಾಥಮಿಕ ಶಾಲೆ ದಾಟಿದ ದಲಿತ ಹುಡುಗ ಹೈಸ್ಕೂಲಿನ ಊರಿನಲ್ಲಿ ಇರಲು ಜಾಗವಿಲ್ಲದೆಯೇ ಓದು ಬಿಡುತ್ತಾನೆ ಎಂಬ ಅರಿವಿನಿಂದ ಹುಟ್ಟಿದ ಯೋಜನೆ ಅದು. ಬಾಡಿಗೆ ಕೊಡಲು ಹಣವಿದ್ದರೂ ಅವನಿಗೆ ಕೋಣೆ ಕೊಡುವವರು ಯಾರು?

ಸಂಘ, ಮಠ, ನಿಲಯ

ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳನ್ನು ವಿದ್ಯಾರ್ಥಿ ನಿಲಯಗಳ ಕಾಲ ಎಂದೇ ಕರೆಯಬಹುದು. ಕೊಲ್ಹಾಪುರದ ಶಾಹೂ ಮಹಾರಾಜರು 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗೆ ಬೋರ್ಡಿಂಗ್ ತೆರೆದು, ಮುಂದೆ ಜೈನ, ಲಿಂಗಾಯತ, ಮುಸ್ಲಿಂ ಮುಂತಾಗಿ ಸಮುದಾಯಕ್ಕೊಂದರಂತೆ ನಿಲಯಗಳಿಗೆ ನೆರವಾದರು. ಆ ಗಾಳಿ ಇತ್ತಲೂ ಬೀಸಿತು. ಬೆಂಗಳೂರಿನಲ್ಲಿ ಗುಬ್ಬಿ ತೋಟದಪ್ಪನವರ ಧರ್ಮಛತ್ರ ಪ್ರಯಾಣಿಕರ ಜೊತೆಗೆ ವಿದ್ಯಾರ್ಥಿಗಳಿಗೂ ನೆಲೆಯಾಯಿತು. 1906ರಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಅದೇ ವರ್ಷ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ವಿದ್ಯಾರ್ಥಿಗಳ ನೆರವಿಗೆಂದು ಬರೆದಿಟ್ಟಿದ್ದರು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದವರು ಶ್ರೀಮಂತರಲ್ಲ, ಏಳು ಮಂದಿ ತರುಣ ಅಧ್ಯಾಪಕರು. ಜನ ಅವರನ್ನು ಸಪ್ತರ್ಷಿಗಳೆಂದು ಕರೆದರು.

ಇವುಗಳಲ್ಲಿ ಬಹುಪಾಲು ಆಯಾ ಜಾತಿಯ ಹುಡುಗರಿಗೆ ಮಾತ್ರ ಬಾಗಿಲು ತೆರೆದವು ಎಂಬ ಆಕ್ಷೇಪ ಸರಿಯಾದದ್ದೇ. ಹಳ್ಳಿಯಿಂದ ಬಂದ ಹುಡುಗ ತನ್ನವರ ನಡುವೆಯೇ ಉಂಡು ಮಲಗಿ ಬೆಳೆದರೆ ಪಟ್ಟಣಕ್ಕೆ ಬಂದೂ ಜಾತಿಯ ಬೇಲಿ ದಾಟಿದಂತಾಗಲಿಲ್ಲ. ಆದರೂ ಆ ನಿಲಯಗಳಿಲ್ಲದಿದ್ದರೆ ಆತ ಪಟ್ಟಣಕ್ಕೇ ಬರುತ್ತಿರಲಿಲ್ಲ. ರೈತಾಪಿ ಸಮುದಾಯಗಳ ಮೊದಲ ತಲೆಮಾರಿನ ಪದವೀಧರರಲ್ಲಿ ಅನೇಕರು ಇಂಥ ಊಟದ ಮನೆಗಳಿಂದಲೇ ಬಂದವರು.

ಬೇಲಿಯನ್ನು ದಾಟಿದ ಉದಾಹರಣೆ ತುಮಕೂರಿನ ಬಳಿ ಇದೆ. ಹೈಸ್ಕೂಲು ಓದುತ್ತಿದ್ದ ಶಿವಣ್ಣ ಎಂಬ ಹುಡುಗ ಊರಿಗೆ ಪ್ಲೇಗು ಬಂದಾಗ ಸಿದ್ಧಗಂಗಾ ಮಠದಲ್ಲಿ ಆಶ್ರಯ ಪಡೆದ. ಉದ್ದಾನ ಶಿವಯೋಗಿಗಳು ಅಲ್ಲಿ ಆಗಲೇ ಮಕ್ಕಳಿಗೆ ಅನ್ನ ಮತ್ತು ಪಾಠದ ಏರ್ಪಾಟು ಮಾಡಿದ್ದರು. ಅದೇ ಹುಡುಗ ಮುಂದೆ ಶಿವಕುಮಾರ ಸ್ವಾಮೀಜಿಯಾಗಿ ಮಠದ ಹೊಣೆ ಹೊತ್ತರು. ಎಲ್ಲ ಜಾತಿಯ ಮಕ್ಕಳಿಗೂ ಅಲ್ಲಿ ಊಟ, ವಸತಿ, ಶಿಕ್ಷಣ ಉಚಿತ. 2019ರ ಜನವರಿಯಲ್ಲಿ ಅವರು ಲಿಂಗೈಕ್ಯರಾದಾಗ ಮಠದ ನಿಲಯಗಳಲ್ಲಿದ್ದ ಮಕ್ಕಳು ಎಂಟು ಸಾವಿರಕ್ಕೂ ಹೆಚ್ಚು. ಆ ದಾಸೋಹದ ಒಲೆ ಉರಿಯುವುದು ಬಹುಮಟ್ಟಿಗೆ ಸುತ್ತಲ ರೈತರು ತಂದೊಪ್ಪಿಸುವ ರಾಗಿ, ಅಕ್ಕಿ, ತೆಂಗಿನಕಾಯಿಗಳಿಂದ. ಕಷ್ಟದಲ್ಲಿ ಸೂರು ಸಿಕ್ಕ ಹುಡುಗ ಆ ಸೂರನ್ನೇ ಹಿರಿದು ಮಾಡಿದ ಕಥೆ ಇದು.

ಅನ್ನವಿದ್ದೂ ಒಂಟಿಯಾದ ವಿದ್ಯಾರ್ಥಿಗಳೂ ಇದ್ದರು. ಮಲೆನಾಡಿನ ಅನುಕೂಲಸ್ಥ ಮನೆಯಿಂದ ಮೈಸೂರಿಗೆ ಬಂದ ಕುವೆಂಪು ಅವರು ಕಾಯಿಲೆ ಬಿದ್ದಾಗ ಅವರನ್ನು ಕರೆದೊಯ್ದು ಆರೈಕೆ ಮಾಡಿದ್ದು ರಾಮಕೃಷ್ಣ ಆಶ್ರಮ. ಅದಕ್ಕೂ ಮೊದಲು, 1924ರಲ್ಲಿ, ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಆ ತರುಣನಿಗೆ ನಿನ್ನ ಭಾಷೆಯಲ್ಲಿ ಬರೆ ಎಂದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಅವರ ಭೇಟಿ ನಡೆದದ್ದು ಸ್ವಲ್ಪ ಹೊತ್ತು ಮಾತ್ರ.

ಹೆಣ್ಣುಮಕ್ಕಳ ದಾರಿ

ಈ ಇಡೀ ಕಥೆಯಲ್ಲಿ ಹುಡುಗಿ ಎಲ್ಲಿ? ಅವಳಿಗೆ ವಾರಾನ್ನವೂ ಇರಲಿಲ್ಲ, ನಿಲಯವೂ ಇರಲಿಲ್ಲ. ಹುಡುಗ ಹೈಸ್ಕೂಲಿಗೆ ಹೊರಡುವ ವಯಸ್ಸಿನಲ್ಲಿ ಅವಳು ಗಂಡನ ಮನೆಗೆ ಹೊರಡುತ್ತಿದ್ದಳು. ಮೈಸೂರಿನಲ್ಲಿ 1881ರಲ್ಲೇ ಮಹಾರಾಣಿ ಬಾಲಿಕಾ ಪಾಠಶಾಲೆ ಆರಂಭವಾದರೂ ಅದು ಮೇಲುಜಾತಿಯ ಹೆಣ್ಣುಮಕ್ಕಳಿಗೆಂದು ತೆರೆದ ಶಾಲೆ. 1894ರಲ್ಲಿ ಮೈಸೂರು ಸಂಸ್ಥಾನ ಬಾಲ್ಯವಿವಾಹ ತಡೆಯಲು ತಂದ ಕಾನೂನು ನಿಷೇಧಿಸಿದ್ದು ಎಂಟು ವರ್ಷದೊಳಗಿನ ಹುಡುಗಿಯರ ಮದುವೆಯನ್ನು. ಅದಕ್ಕೇ ವಿರೋಧ ಬಂತೆಂದರೆ ಹದಿನಾಲ್ಕರ ಹುಡುಗಿಯ ಹೈಸ್ಕೂಲು ಎಷ್ಟು ದೂರದ ಮಾತು ಎಂದು ಊಹಿಸಬಹುದು.

ಈ ಕಾರಣದಿಂದ ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲ ಮತ್ತು ಅವರ ಪತ್ನಿ ನಾಗಮ್ಮನವರು ಕಟ್ಟಿದ ಹರಿಜನ ಬಾಲಿಕಾಶ್ರಮಕ್ಕೆ ವಿಶೇಷ ಮಹತ್ವವಿದೆ. ಜಾತಿ ಮತ್ತು ಹೆಣ್ಣುತನ ಎಂಬ ಎರಡು ಅಡ್ಡಗೋಡೆಗಳನ್ನು ಒಟ್ಟಿಗೆ ಎದುರಿಸಿದ ಸಂಸ್ಥೆ ಅದು. ಹೆಣ್ಣುಮಕ್ಕಳನ್ನು ಮನೆಯಿಂದ ದೂರವಿಟ್ಟು ಓದಿಸಲು ಒಪ್ಪಿಸುವ ಕೆಲಸ ಕಟ್ಟಡ ಕಟ್ಟುವುದಕ್ಕಿಂತ ಕಠಿಣವಾದದ್ದು. ಅಲ್ಲಿ ನಾಗಮ್ಮನಂಥ ಹೆಂಗಸೊಬ್ಬರು ತಾಯಿಯಂತೆ ನಿಲ್ಲದೆ ಯಾವ ತಂದೆ ತಾಯಿಯೂ ಮಗಳನ್ನು ಬಿಟ್ಟು ಹೋಗುತ್ತಿರಲಿಲ್ಲ.

ಸರಕಾರ ಈ ಕೆಲಸವನ್ನು ತನ್ನದೆಂದು ಒಪ್ಪಿಕೊಂಡದ್ದು ನಿಧಾನವಾಗಿ. 1918ರಲ್ಲಿ ಮೈಸೂರು ಸಂಸ್ಥಾನ ನೇಮಿಸಿದ ಮಿಲ್ಲರ್ ಸಮಿತಿ ಹಿಂದುಳಿದವರಿಗೆ ವಿದ್ಯಾರ್ಥಿವೇತನದ ಶಿಫಾರಸು ಮಾಡಿತು. ಸ್ವಾತಂತ್ರ್ಯಾನಂತರ, ಅದರಲ್ಲೂ ದೇವರಾಜ ಅರಸು ಅವರ ಆಡಳಿತದಲ್ಲಿ, 1975ರ ಹಾವನೂರು ವರದಿಯ ಆಸುಪಾಸಿನಲ್ಲಿ, ತಾಲ್ಲೂಕು ಊರುಗಳಲ್ಲೂ ಸರಕಾರಿ ಹಾಸ್ಟೆಲುಗಳು ಹೆಚ್ಚಿದವು. ಹಾಸ್ಟೆಲಿನ ನೀರು ಸಾರು, ಕಲ್ಲು ಅಕ್ಕಿ, ಸೋರುವ ಸೂರು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಅಲ್ಲಿ ಸಾರು ನೀರಾದರೆ ಹುಡುಗರು ವಾರ್ಡನ್ನಿನ ಕೊಠಡಿ ಮುಂದೆ ಕೂತು ಗಲಾಟೆ ಮಾಡಬಹುದಿತ್ತು. ವಾರಾನ್ನದ ಹುಡುಗನಿಗೆ ಆ ಹಕ್ಕು ಇರಲಿಲ್ಲ. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿದ್ದು ಓದಿದ ಕವಿ ಸಿದ್ಧಲಿಂಗಯ್ಯನವರು ‘ಊರುಕೇರಿ’ಯಲ್ಲಿ ಆ ದಿನಗಳನ್ನು ನಗುನಗುತ್ತಲೇ ಹೇಳಿದ್ದಾರೆ. ಹಾಸ್ಟೆಲು ಅವರಂಥವರಿಗೆ ಅನ್ನದ ಜೊತೆಗೆ ಗೆಳೆಯರನ್ನೂ ಭಾಷಣದ ಕಟ್ಟೆಯನ್ನೂ ಕೊಟ್ಟಿತು.

ಮಧ್ಯಾಹ್ನದ ಬಿಸಿಯೂಟದ ಅಕ್ಷರ ದಾಸೋಹ ರಾಜ್ಯದಲ್ಲಿ 2002ರಲ್ಲಿ ಈಶಾನ್ಯ ಜಿಲ್ಲೆಗಳ ಪ್ರಾಥಮಿಕ ಶಾಲೆಗಳಿಂದ ಆರಂಭವಾಗಿ 2007ರ ಹೊತ್ತಿಗೆ ಹೈಸ್ಕೂಲಿಗೂ ಬಂತು. 2006-07ರಲ್ಲಿ ಎಂಟನೆಯ ತರಗತಿಯವರಿಗೆ ಸೈಕಲ್ ಕೊಡುವ ಯೋಜನೆ ಬಂದಾಗ ಪಕ್ಕದ ಊರಿನ ಹೈಸ್ಕೂಲು ಹುಡುಗಿಯರಿಗೂ ಹತ್ತಿರವಾಯಿತು. 2013-14ರಲ್ಲಿ ‘ವಿದ್ಯಾಸಿರಿ’ ಬಂದು, ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗಗಳ ಕಾಲೇಜು ವಿದ್ಯಾರ್ಥಿಗಳಿಗೆ ಊಟ ವಸತಿಗೆಂದು ತಿಂಗಳಿಗೆ 1500 ರೂಪಾಯಿ ಗೊತ್ತಾಯಿತು. ಹದಿಹರೆಯದವರ ಮನಸ್ಸಿನ ತೊಳಲಾಟಗಳನ್ನು ಎದುರಿಸಲು ನಿಮ್ಹಾನ್ಸ್ ಸಂಸ್ಥೆ ಹೈಸ್ಕೂಲು ಉಪಾಧ್ಯಾಯರನ್ನೇ ಮುಂದಿಟ್ಟುಕೊಂಡು ಜೀವನ ಕೌಶಲ ಶಿಕ್ಷಣದ ಕಾರ್ಯಕ್ರಮವನ್ನು ರೂಪಿಸಿತು.

ಯೋಜನೆಯ ಕಾಗದದಲ್ಲಿಲ್ಲದ ಕೆಲಸ ಇಂದಿಗೂ ಮೇಷ್ಟ್ರ ಪಾಲಿಗೇ ಉಳಿದಿದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರವಾದಾಗ ರಾಜ್ಯದ ಅನೇಕ ಕಡೆ ಸಂಜೆಯಾದ ಮೇಲೂ ಶಾಲೆಯ ದೀಪ ಆರಿರುವುದಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಓದಲು ಜಾಗವಿಲ್ಲದ ಮಕ್ಕಳು ಅಲ್ಲಿ ಕೂತಿರುತ್ತಾರೆ. ಬೆಳಗಿನ ಜಾವ ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸುವ ಉಪಾಧ್ಯಾಯರಿದ್ದಾರೆ. ನಾಲ್ಕು ದಿನ ಹಾಜರಿ ತಪ್ಪಿದ ಹುಡುಗನನ್ನು ಹುಡುಕಿಕೊಂಡು ಗಾರೆ ಕೆಲಸದ ಜಾಗಕ್ಕೋ ಕಬ್ಬಿನ ಗದ್ದೆಗೋ ಹೋಗುವವರೂ ಇದ್ದಾರೆ.