ಸಂತಾನ ಆರೋಗ್ಯ ನೀತಿ: ಕರ್ನಾಟಕದ ಇತಿಹಾಸ

ಹೆರಿಗೆ, ಬಾಣಂತನ, ಗರ್ಭನಿರೋಧ, ಗರ್ಭಪಾತ ಮತ್ತು ಗರ್ಭಕೋಶದ ಕಾಯಿಲೆಗಳಿಗೆ ಹೆಂಗಸರಿಗೆ ಸುರಕ್ಷಿತ ಚಿಕಿತ್ಸೆ ಸಿಗುವಂತೆ ಸರ್ಕಾರಗಳು ಕಾನೂನು, ಆಸ್ಪತ್ರೆ ಮತ್ತು ಹಣದ ಮೂಲಕ ನಡೆಸಿದ ಪ್ರಯತ್ನಗಳ ಚರಿತ್ರೆ. ಇಂದಿನ ಕರ್ನಾಟಕದಲ್ಲಿ ಇದರ ಎಳೆ ಮೈಸೂರು ಸಂಸ್ಥಾನದ ಕಾಲಕ್ಕೆ ಹೋಗುತ್ತದೆ. ಈ ದೀರ್ಘ ಅವಧಿಯಲ್ಲಿ ಸರ್ಕಾರ ಯಾವುದನ್ನು ಎಣಿಸಿತೋ ಅದಷ್ಟೇ ಬೆಳೆಯಿತು. ಮೊದಲು ಜನಸಂಖ್ಯೆಯನ್ನು ಎಣಿಸಿತು, ಆಮೇಲೆ ಆಪರೇಶನ್‌ಗಳನ್ನು, ನಂತರ ಆಸ್ಪತ್ರೆ ಹೆರಿಗೆಗಳನ್ನು. ಹೆಂಗಸಿಗೆ ಏನು ಬೇಕಿತ್ತು ಎಂಬುದು ಲೆಕ್ಕದ ಪುಸ್ತಕಕ್ಕೆ ಬಂದದ್ದು ಬಹಳ ತಡವಾಗಿ, ಅದೂ ಅರೆಬರೆಯಾಗಿ.

ಮೈಸೂರು ಸಂಸ್ಥಾನ 1894ರಲ್ಲಿ ಬಾಲ್ಯವಿವಾಹ ತಡೆಯುವ ಶಾಸನ ತಂದಿತು. 8 ವರ್ಷ ತುಂಬದ ಹುಡುಗಿಯ ಮದುವೆಯನ್ನೂ, 50 ದಾಟಿದ ಗಂಡಸು 14 ತುಂಬದ ಹುಡುಗಿಯನ್ನು ಮದುವೆಯಾಗುವುದನ್ನೂ ಅದು ನಿಷೇಧಿಸಿತು. ಇಂದಿನ ಕಣ್ಣಿಗೆ ಆ ವಯೋಮಿತಿ ಆಘಾತ ತರುವಷ್ಟು ಕಡಿಮೆ. ಆದರೂ ಎಳೆಯ ವಯಸ್ಸಿನ ಬಸಿರು ಮನೆಯೊಳಗಿನ ಮಾತಷ್ಟೇ ಅಲ್ಲ, ದೊರೆತನಕ್ಕೂ ಅದರ ಹೊಣೆಯಿದೆ ಎಂಬ ವಿಚಾರ ಅಲ್ಲಿಂದ ಶುರುವಾಯಿತು. ಅದಕ್ಕೂ ಮೊದಲೇ, 1885ರಲ್ಲಿ, ವೈಸರಾಯ್ ಡಫರಿನ್‌ನ ಪತ್ನಿ ಸ್ಥಾಪಿಸಿದ ನಿಧಿಯು ಭಾರತದಲ್ಲಿ ಹೆಣ್ಣುಮಕ್ಕಳಿಗೆ ವೈದ್ಯೆಯರ ನೆರವು ಒದಗಿಸುವ ಕೆಲಸಕ್ಕೆ ಕೈಹಾಕಿತ್ತು. ಮೈಸೂರಿನಲ್ಲಿ ಚೆಲುವಾಂಬ ಆಸ್ಪತ್ರೆಯೂ ಬೆಂಗಳೂರಿನಲ್ಲಿ 1935ರಿಂದ ವಾಣಿವಿಲಾಸ ಆಸ್ಪತ್ರೆಯೂ ತಾಯಿ–ಮಕ್ಕಳ ಚಿಕಿತ್ಸೆಯ ದೊಡ್ಡ ನೆಲೆಗಳಾದವು. ಹಳ್ಳಿಗಳಲ್ಲಿ ಮಾತ್ರ ಹೆರಿಗೆ ಸೂಲಗಿತ್ತಿಯರ ಕೈಯಲ್ಲೇ ಇತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾದವರು. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಷ್ಟು ಹೊತ್ತಿಗೆ ಸರ್ಕಾರದ ನೀತಿಯಲ್ಲಿ ಸೂಲಗಿತ್ತಿಗೆ ಜಾಗವೇ ಉಳಿದಿರಲಿಲ್ಲ.

ಮೈಸೂರು ಸಂಸ್ಥಾನದ ಅತ್ಯಂತ ಧೈರ್ಯದ ಹೆಜ್ಜೆ 1930ರದು. ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರಾಗಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, ಬೆಂಗಳೂರು ಮತ್ತು ಮೈಸೂರಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್‌ಗಳನ್ನು ತೆರೆಯಲು ಆ ವರ್ಷದ ಜೂನ್‌ನಲ್ಲಿ ಆದೇಶ ಹೊರಟಿತು. ಸರ್ಕಾರವೇ ನಡೆಸಿದ ಇಂಥ ಕ್ಲಿನಿಕ್‌ಗಳಲ್ಲಿ ಇವು ಜಗತ್ತಿಗೇ ಮೊದಲನೆಯವೆಂದು ಚರಿತ್ರೆಕಾರರು ಗುರುತಿಸುತ್ತಾರೆ. ಮುಂಬಯಿಯಲ್ಲಿ ರ.ಧೋ. ಕರ್ವೆ 1921ರಿಂದ ಇದೇ ಕೆಲಸವನ್ನು ಒಬ್ಬಂಟಿಯಾಗಿ, ಸಮಾಜದ ನಿಂದೆಯ ನಡುವೆ ಮಾಡುತ್ತಿದ್ದರು. ಮೈಸೂರಿನಲ್ಲಿ ಅದು ಆಸ್ಪತ್ರೆಯ ಮಾಮೂಲಿ ಸೇವೆಗಳಲ್ಲಿ ಒಂದಾಯಿತು. ಪಟ್ಟಣ ದಾಟಿ ಅದು ಹೋಗಲಿಲ್ಲ ಎಂಬುದೂ ನಿಜ.

ದೇಶದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ಕೊಟ್ಟ ವರದಿಯ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ಹೆಂಗಸರು ಬಸಿರು–ಹೆರಿಗೆಯ ಕಾರಣಕ್ಕೆ ಸಾಯುತ್ತಿದ್ದರು. ಹಳ್ಳಿಗೆ ಹತ್ತಿರದಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಿರಬೇಕೆಂಬ ಶಿಫಾರಸಿನ ಮೂಲ ಆ ವರದಿ. ಸ್ವಾತಂತ್ರ್ಯ ಬಂದ ಮೇಲೆ ಭಾರತ 1952ರಲ್ಲಿ ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಒಪ್ಪಿಕೊಂಡಿತು. ಆದರೆ ಕೇಂದ್ರದ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ. ಸಂಯಮವೊಂದೇ ಸರಿಯಾದ ದಾರಿಯೆಂಬುದು ಅವರ ನಂಬಿಕೆ. ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆ ಅಮೆರಿಕದ ವೈದ್ಯ ಅಬ್ರಹಾಂ ಸ್ಟೋನ್ ಅವರನ್ನು ಕಳಿಸಿತು. ಋತುಚಕ್ರದ ದಿನ ಎಣಿಸಿ ಗರ್ಭ ತಡೆಯುವ ವಿಧಾನದ ಪರೀಕ್ಷೆಗೆ ಎರಡು ಜಾಗಗಳು ಆಯ್ಕೆಯಾದವು: ದೆಹಲಿಯ ಲೋಧಿ ಕಾಲೊನಿ ಮತ್ತು ಮೈಸೂರು ರಾಜ್ಯದ ರಾಮನಗರ. ಓದುಬರಹ ಬಾರದ ಹೆಂಗಸರಿಗೆ ಬಣ್ಣದ ಮಣಿಗಳ ಸರ ಕೊಡಲಾಯಿತು. ಸುರಕ್ಷಿತ ದಿನಗಳಿಗೆ ಒಂದು ಬಣ್ಣ, ಅಲ್ಲದ ದಿನಗಳಿಗೆ ಇನ್ನೊಂದು. ಕಲಿಯಲು ಆಸಕ್ತಿ ತೋರಿದವರು ಬಹಳ ಮಂದಿ. ಕೊನೆಯವರೆಗೂ ಅದನ್ನು ಪಾಲಿಸಿದವರು ಕೆಲವೇ ಮಂದಿ.

ತಪ್ಪು ಆ ಹೆಂಗಸರದಲ್ಲ. ಮುಟ್ಟಿನ ದಿನಗಳು ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಬರುವುದಿಲ್ಲ. ಬೇಡವೆಂದ ದಿನ ಗಂಡ ದೂರ ಉಳಿಯುತ್ತಾನೆಂಬ ಖಾತ್ರಿಯೂ ಇರಲಿಲ್ಲ. ಇಪ್ಪತ್ತೆರಡು ವರ್ಷ ಮೊದಲೇ ಇದೇ ಸೀಮೆಯ ಆಸ್ಪತ್ರೆಗಳಲ್ಲಿ ಗರ್ಭನಿರೋಧದ ಸಲಹೆ ಸಿಗುತ್ತಿದ್ದಾಗ, ಹೊಸ ರಾಷ್ಟ್ರ ಗಂಡಸಿನ ಸಂಯಮದ ಮೇಲೆ ಭಾರ ಹಾಕಿ ಕೂತದ್ದು ಒಂದು ಹಿನ್ನಡೆಯೇ. ಅದೇ ಹೊತ್ತಿಗೆ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಯಾಗಿ ನಡೆಸಿದ ಮೈಸೂರು ಜನಸಂಖ್ಯಾ ಅಧ್ಯಯನ ಮನೆಮನೆಗೆ ಹೋಗಿ ಕೇಳಿದಾಗ, ಮಕ್ಕಳ ಸಂಖ್ಯೆಗೆ ಮಿತಿ ಬೇಕೆನ್ನುವವರು ಹಳ್ಳಿಗಳಲ್ಲೂ ಸಾಕಷ್ಟು ಇದ್ದರೆಂದು ಕಂಡುಬಂತು.

ಮುಂದೆ ಬಂದದ್ದು ಇಷ್ಟು ಮಂದಿಗೆ ಗರ್ಭನಿರೋಧ ಮಾಡಿಸಲೇಬೇಕೆಂಬ ಗುರಿಗಳ ಕಾಲ. 1965ರಲ್ಲಿ ಗರ್ಭಕೋಶದೊಳಗೆ ಇರಿಸುವ ಲೂಪ್ ಬಂತು. ವಿಶ್ವಬ್ಯಾಂಕಿನ ನೆರವಿನ ಮೊದಲ ಭಾರತ ಜನಸಂಖ್ಯಾ ಯೋಜನೆ 1973ರಲ್ಲಿ ಕರ್ನಾಟಕ ಮತ್ತು ಉತ್ತರ ಪ್ರದೇಶದಲ್ಲಿ ಆರಂಭವಾಯಿತು. ತುರ್ತುಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು, ಅದರಲ್ಲಿ ಬಹುಪಾಲು ಗಂಡಸರಿಗೆ. ಜನರ ಸಿಟ್ಟಿಗೆ ಕೇಂದ್ರದ ಸರ್ಕಾರವೇ ಬಿತ್ತು. ಅಲ್ಲಿಂದಾಚೆಗೆ ಯಾವ ಸರ್ಕಾರವೂ ಗಂಡಸರನ್ನು ಮುಟ್ಟುವ ಧೈರ್ಯ ಮಾಡಲಿಲ್ಲ. ಇಡೀ ಹೊರೆ ಹೆಂಗಸಿನ ಮೈಮೇಲೆ ಬಂತು. ಶಾಲೆಯ ಕೋಣೆಗಳಲ್ಲಿ, ಆರೋಗ್ಯ ಕೇಂದ್ರಗಳ ಜಗಲಿಗಳಲ್ಲಿ ಹೆಂಗಸರನ್ನು ಸಾಲಾಗಿ ಮಲಗಿಸುವ ಕ್ಯಾಂಪ್‌ಗಳು ದೇಶದ ಉದ್ದಗಲಕ್ಕೂ ರೂಢಿಯಾದವು. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದಲ್ಲಿ ಇಂಥ ಆಪರೇಶನ್‌ಗಳ ಬಳಿಕ 13 ಹೆಂಗಸರು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷದೊಳಗೆ ಕ್ಯಾಂಪ್ ಪದ್ಧತಿ ನಿಲ್ಲಬೇಕೆಂದು ಹೇಳಿತು. ಗರ್ಭ ತಡೆಯುವ ವಂಕಿ, ಮಾತ್ರೆ, ಅಂತರಾ ಚುಚ್ಚುಮದ್ದು ಈಗ ಸರ್ಕಾರಿ ಕೇಂದ್ರಗಳಲ್ಲಿ ಉಂಟು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ಶೇ. 57ರಷ್ಟು ಮಂದಿ ಆಪರೇಶನ್ ಮಾಡಿಸಿಕೊಂಡವರು. ಗಂಡಸರ ಪ್ರಮಾಣ ಗಣನೆಗೆ ಸಿಗದಷ್ಟು ಕಡಿಮೆ.

ಗರ್ಭಪಾತದ ಕಾನೂನು ಬೇರೆ ದಾರಿಯಲ್ಲಿ ಬಂತು. ಶಾಂತಿಲಾಲ್ ಷಾ ಸಮಿತಿಯ ಶಿಫಾರಸಿನ ಮೇಲೆ 1971ರಲ್ಲಿ ಸಂಸತ್ತು ಒಪ್ಪಿದ ವೈದ್ಯಕೀಯ ಗರ್ಭಪಾತ ಕಾಯ್ದೆ 1972ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಹಲವು ಶ್ರೀಮಂತ ದೇಶಗಳಿಗಿಂತ ಮೊದಲೇ ಬಂದ ಕಾಯ್ದೆ ಇದು. ಆದರೆ ಅದರಲ್ಲಿ ನಿರ್ಧಾರ ವೈದ್ಯರದು, ಹೆಂಗಸಿನದಲ್ಲ. 2021ರ ತಿದ್ದುಪಡಿ ಕೆಲವು ವರ್ಗದವರಿಗೆ ಮಿತಿಯನ್ನು 20 ವಾರದಿಂದ 24 ವಾರಕ್ಕೆ ಏರಿಸಿತು. ಮದುವೆಯಾಗದವರಿಗೂ ಆ ಸೌಲಭ್ಯ ಸಲ್ಲಬೇಕೆಂದು 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಕೈರೋದಲ್ಲಿ 1994ರಲ್ಲಿ ನಡೆದ ಜನಸಂಖ್ಯಾ ಸಮ್ಮೇಳನದ ಬಳಿಕ ಭಾರತ 1996ರಲ್ಲಿ ಕುಟುಂಬ ಯೋಜನೆಯ ಗುರಿಗಳನ್ನು ಕೈಬಿಟ್ಟಿತು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆಸ್ಪತ್ರೆ ಹೆರಿಗೆಗೆ ಹಣ ಕೊಡುವ ಜನನಿ ಸುರಕ್ಷಾ ಯೋಜನೆಯನ್ನೂ ಹಳ್ಳಿಹಳ್ಳಿಗೆ ಆಶಾ ಆರೋಗ್ಯ ಕಾರ್ಯಕರ್ತೆಯರನ್ನೂ ತಂದಿತು. ಕರ್ನಾಟಕ ಅದರ ಮೇಲೆ ತನ್ನದೇ ಯೋಜನೆಗಳನ್ನು ಕಟ್ಟಿತು: ಬಸಿರು–ಬಾಣಂತನದ ವಿವರ ದಾಖಲಿಸುವ ತಾಯಿ ಕಾರ್ಡ್, ಬಾಣಂತಿ ಮತ್ತು ಮಗುವಿಗೆ ಬೇಕಾದ ಸಾಮಾನಿನ ಮಡಿಲು ಕಿಟ್, ಪ್ರಸೂತಿ ಆರೈಕೆಯ ಹಣ, ಖಾಸಗಿ ಆಸ್ಪತ್ರೆಯಲ್ಲೂ ಉಚಿತ ಹೆರಿಗೆಗೆ ತಾಯಿ ಭಾಗ್ಯ. 2008ರಿಂದ 108 ಆಂಬುಲೆನ್ಸ್ ಓಡಿತು. 2017ರ ಅಕ್ಟೋಬರ್ 2ರಂದು ಅಂಗನವಾಡಿಯಲ್ಲಿ ಬಿಸಿಯೂಟ ಬಡಿಸುವ ಮಾತೃಪೂರ್ಣ ಶುರುವಾಯಿತು. ಇವುಗಳಲ್ಲಿ ಕೆಲವಕ್ಕೆ ಎರಡೇ ಹೆರಿಗೆಯ ಷರತ್ತಿತ್ತು. ಮೂರನೆಯ ಬಸಿರಿನಲ್ಲಿ ರಕ್ತಹೀನತೆಯಿಂದ ಬಳಲಿದ ಬಡವಿಗೆ, ನೆರವು ಬೇಕಾದ ಹೊತ್ತಿನಲ್ಲೇ ಬಾಗಿಲು ಮುಚ್ಚಿತು.

ಫಲ ಕಂಡದ್ದು ನಿಜ, ದೊಡ್ಡ ಫಲವೇ. ಸಮೀಕ್ಷೆಗಳ ಪ್ರಕಾರ 2005–06ರಲ್ಲಿ ಶೇ. 65ರ ಸುಮಾರಿಗಿದ್ದ ಆಸ್ಪತ್ರೆ ಹೆರಿಗೆ 2019–21ಕ್ಕೆ ಶೇ. 97 ಮುಟ್ಟಿತು. ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು 2001–03ರಲ್ಲಿ 228 ಇದ್ದದ್ದು 2018–20ಕ್ಕೆ 69ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಕೇರಳದಲ್ಲಿ 19, ತಮಿಳುನಾಡಿನಲ್ಲಿ 54. ದಕ್ಷಿಣದ ರಾಜ್ಯಗಳಲ್ಲಿ ಕರ್ನಾಟಕದ್ದೇ ಹೆಚ್ಚು. ರಾಜ್ಯದ ಸರಾಸರಿಯೊಳಗೆ ಪ್ರದೇಶಗಳ ಅಂತರ ಅಡಗಿದೆ. ಮೈಸೂರಿನ ಆಸ್ಪತ್ರೆಗಳ ಪರಂಪರೆ ಅಂದು ಹೈದರಾಬಾದ್ ಕರ್ನಾಟಕ ಎನಿಸಿದ್ದ ಕಲಬುರಗಿ ಸೀಮೆಗೆ ಇರಲಿಲ್ಲ. ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಕೊಪ್ಪಳದಲ್ಲಿ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಗೀತಾ ಸೇನ್ ಮತ್ತು ಸಂಗಡಿಗರು ಸತ್ತ ತಾಯಂದಿರ ಕೊನೆಯ ದಿನಗಳನ್ನು ಮನೆಯವರಿಂದ ಕೇಳಿ ದಾಖಲಿಸಿದರು. ಅವರಲ್ಲಿ ಹಲವರು ಚಿಕಿತ್ಸೆ ಹುಡುಕಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದವರೇ, ಮನೆಯಲ್ಲಿ ಸುಮ್ಮನೆ ಕೂತವರಲ್ಲ. ಹೊಣೆ ಹೊತ್ತುಕೊಳ್ಳುವವರು ಮಾತ್ರ ಎಲ್ಲೂ ಇರಲಿಲ್ಲ.

ಹೆರಿಗೆ ಮುಗಿದ ಮೇಲಿನ ಹೆಂಗಸಿನ ಆರೋಗ್ಯಕ್ಕೆ ನೀತಿಯಲ್ಲಿ ಇಂದಿಗೂ ಜಾಗ ಕಡಿಮೆ. ಬಿಳಿಮುಟ್ಟು, ಬೆನ್ನುನೋವು ಎಂದು ಹೋದ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಕೋಶವನ್ನು ಖಾಸಗಿ ಆಸ್ಪತ್ರೆಗಳು ಅಗತ್ಯವಿಲ್ಲದೆ ತೆಗೆದ ಪ್ರಕರಣಗಳು 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯಲ್ಲಿ ಬಯಲಿಗೆ ಬಂದವು. ಅವರಲ್ಲಿ ಅನೇಕರಿಗೆ ನಲವತ್ತೂ ತುಂಬಿರಲಿಲ್ಲ. ಹತ್ತಿರದ ಸರ್ಕಾರಿ ಕೇಂದ್ರದಲ್ಲಿ ಸ್ತ್ರೀರೋಗ ತಜ್ಞೆ ಇದ್ದಿದ್ದರೆ ಅವರಲ್ಲಿ ಬಹಳಷ್ಟು ಜನ ಸಾಲ ಮಾಡಿ ಖಾಸಗಿ ಆಸ್ಪತ್ರೆಗೆ ಹೋಗುತ್ತಿರಲಿಲ್ಲ.

2024ರ ನವೆಂಬರ್‌ನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ರಕ್ತನಾಳಕ್ಕೆ ಹಾಕುವ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು, ರಾಜ್ಯದ ತಾಯಂದಿರ ಸಾವುಗಳನ್ನೆಲ್ಲ ಪರಿಶೀಲನೆಗೆ ಒಪ್ಪಿಸಿತು. 2025ರಲ್ಲಿ ಹೊರಬಂದ ಆ ಪರಿಶೀಲನೆಯ ಪ್ರಕಾರ ಶೇ. 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಾಗಿತ್ತು. ಅದೇ ವರ್ಷದ ಜನವರಿಯಲ್ಲಿ, ಬಸುರಿಯರನ್ನು ಸರ್ಕಾರಿ ಆಸ್ಪತ್ರೆಗಳಿಗೆ ಕರೆತರುವ ಆಶಾ ಕಾರ್ಯಕರ್ತೆಯರು ತಿಂಗಳಿಗೆ 15,000 ರೂಪಾಯಿ ಖಚಿತ ಗೌರವಧನ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತರು.